ಹೊಂಡದ ಮೀನು ಮತ್ತು ಓಂಕಾರಯ್ಯ ಮೇಷ್ಟ್ರು

ನಾನು ನಿಂತಿದ್ದದ್ದು ನಾರಿನ ಕಾರ್ಖಾನೆಯ ಹೊಂಡದ ಪಡುವಣ ಮೂಲೆಯಲ್ಲಿ, ತೂಬಿನ ಕಲ್ಲಿನ ಪಕ್ಕ. ಎಂಬತ್ತಮೂರನೆಯ ಇಸವಿ, ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಹತ್ತು ನಿಮಿಷವಿತ್ತು. ಗಡಿಯಾರ ನೋಡಿಕೊಂಡಿದ್ದೆ, ಏಕೆಂದರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಮೂವರು ಅತಿಥಿಗಳಿಗೆ ಹನ್ನೊಂದೂಕಾಲಿಗೆ ಎಳನೀರು ಕೊಡಿಸುವ ಕೆಲಸ ನನ್ನದಾಗಿತ್ತು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಓಂಕಾರಯ್ಯ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿದ್ದರು. ಉಳಿದವರೆಲ್ಲ ಏರಿಯ ಮೇಲೆ ನಿಂತು ನೋಡುತ್ತಿದ್ದರೆ ಅವರೊಬ್ಬರು ಪ್ಯಾಂಟಿನ ತುದಿ ಕೆಸರಿಗೆ ತಾಗುವಷ್ಟು ಕೆಳಗಿಳಿದು, ನೀರಿನ ಮಟ್ಟಕ್ಕೆ ಕಣ್ಣಿಟ್ಟಿದ್ದರು.

ಆ ದಿನದ ವಿಷಯಕ್ಕೆ ಮುಂಚೆ ಅವರು ಎಂಥವರೆಂದು ಹೇಳಬೇಕು. ಗೊತ್ತಿದ್ದಷ್ಟನ್ನೇ ಹೇಳುತ್ತೇನೆ.

ತರೀಕೆರೆಯ ನಮ್ಮ ಕಾಮರ್ಸ್ ಕಾಲೇಜಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಎರಡು ಹೆಂಚಿನ ಕಟ್ಟಡ, ಒಂದು ಬಾವಿ, ನಡುವೆ ಒಂದು ಹೊಂಗೆಮರ. ಓಂಕಾರಯ್ಯ ಅಲ್ಲಿಗೆ ಎಂಬತ್ತೊಂದರಲ್ಲಿ ಬಂದರು. ನಲವತ್ತರ ಆಸುಪಾಸಿನ ವಯಸ್ಸು, ತೆಳ್ಳನೆಯ ಮೈ, ಸ್ವಲ್ಪ ಮುಂದಕ್ಕೆ ಬಾಗಿದ ಕತ್ತು. ಅವರ ನೇಮಕ ವರ್ಷವರ್ಷಕ್ಕೆ ನವೀಕರಣವಾಗುವಂಥದು. ಮೂರನೆಯ ವರ್ಷಕ್ಕೆ ಕಾಯಂ ಮಾಡುವ ಪದ್ಧತಿ ಇತ್ತು. ಅದಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರಾದ ಶಿವಲಿಂಗಪ್ಪನವರ ಸಹಿ ಬೇಕು. ಶಿವಲಿಂಗಪ್ಪನವರಿಗೆ ಅಜ್ಜಂಪುರದ ರಸ್ತೆಯಲ್ಲಿ ತೆಂಗಿನ ನಾರಿನ ಕಾರ್ಖಾನೆ ಇತ್ತು.

ಮೇಷ್ಟ್ರ ಒಂದು ಅಭ್ಯಾಸ ಊರಿಗೆಲ್ಲ ಗೊತ್ತಾಗಲು ಮೂರು ತಿಂಗಳೂ ಬೇಕಾಗಲಿಲ್ಲ. ಯಾವ ಅಂಗಡಿಗೆ, ಗಿರಣಿಗೆ, ಹೋಟೆಲಿಗೆ ಹೋದರೂ ಮೊದಲು ಹಿತ್ತಲಿಗೆ ಹೋಗಿ ಒಂದು ಸುತ್ತು ನೋಡಿ, ಆಮೇಲೆ ಮುಂದಿನಿಂದ ಒಳಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನೇ ಕಣ್ಣಾರೆ ಕಂಡದ್ದಿದೆ. ಹೋಟೆಲಿನ ಯಜಮಾನರು ಗಲ್ಲೆಯಿಂದ ಕೂಗಿದರು: “ಸಾರ್, ಕಕ್ಕಸು ಆ ಕಡೆ ಅಲ್ಲ, ಈ ಕಡೆ!”

“ಕಕ್ಕಸಿಗಲ್ಲ ಕಣ್ರೀ. ಲೋಟ ಎಲ್ ತೊಳೀತಾರೆ ಅಂತ ನೋಡ್ಕೊಂಡ್ ಬಂದೆ.”

ಯಜಮಾನರು ಎದ್ದು ನಿಂತರು. “ಹೆಲ್ತ್ ಇನ್ಸ್‌ಪೆಕ್ಟರಾ ಸ್ವಾಮಿ? ಕೂತ್ಕೊಳಿ, ಕೂತ್ಕೊಳಿ. ಲೇ, ಸಾಹೇಬ್ರಿಗೆ ಒಂದು ಮಸಾಲೆ ಹಾಕ್ರೋ!”

“ಇನ್ಸ್‌ಪೆಕ್ಟರ್ ಅಲ್ಲ, ಕಾಲೇಜ್ ಮೇಷ್ಟ್ರು.”

“ಥೂ, ಎದೆ ಹೊಡ್ಕೊಂಬಿಡ್ತಲ್ರೀ! ಮೇಷ್ಟ್ರಾದ್ರೆ ಮುಂದುಗಡೆಯಿಂದ ಬರೋಕೇನ್ ಕಷ್ಟ?”

ಮೇಷ್ಟ್ರು ನಗಲಿಲ್ಲ. “ಮುಂದುಗಡೆ ಬೋರ್ಡ್ ಬರ್ಸಿದೀರಲ್ಲ, ಅದನ್ನ ಓದಾಯ್ತು” ಎಂದು ಕಾಫಿ ತರಿಸಿಕೊಂಡರು.

ಮದುವೆಮನೆಯಲ್ಲೂ ಹೀಗೆಯೇ. ಅಡಿಗೆಯವರ ಹತ್ತಿರ ಹೋಗಿ ಎಂಜಲೆಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಬಂದವರು ಬಚ್ಚಲ ನೀರು ಹರಿಯುವ ಕಡೆ ನಿಂತುಬಿಟ್ಟರು. ನನ್ನ ಹೆಂಡತಿ ಒಳಗಿನಿಂದ ಪಿಸುಗುಟ್ಟಿದಳು: “ಏನ್ರೀ ಈಯಪ್ಪ, ಹೆಣ್ಣು ನೋಡೋಕ್ ಬಂದೋರು ನೋಡ್ದಂಗೆ ಬಚ್ಚಲು ನೋಡ್ತಾರೆ?” ನನಗೆ ನಗು ಬಂತು, ಜೊತೆಗೇ ಅನುಮಾನವೂ ಬಂತು. ಇಷ್ಟೆಲ್ಲ ನೋಡುವವನಿಗೆ ಏನೋ ಒಂದು ಉದ್ದೇಶ ಇರಬೇಕು ಎಂದುಕೊಂಡೆ.

ಎಂಬತ್ತೆರಡರ ಜೂನಿನಲ್ಲಿ ಅಧ್ಯಕ್ಷರು ಬೆಂಗಳೂರಿನ ಯಾವುದೋ ಸಭೆ ಮುಗಿಸಿಕೊಂಡು ಬಂದರು. ದೊಡ್ಡ ದೊಡ್ಡ ಬಿಸಿನೆಸ್ ಕಾಲೇಜುಗಳಲ್ಲಿ ಲಾಭದ ಲೆಕ್ಕದ ಜೊತೆಗೆ ವ್ಯಾಪಾರಿಗೆ ಸಮಾಜದ ಮೇಲಿರುವ ಹೊಣೆ, ನೀತಿ, ಗಾಳಿ ನೀರಿನ ಕಾಳಜಿ ಇವನ್ನೂ ಕಲಿಸುತ್ತಾರಂತೆ, ನಮ್ಮಲ್ಲೂ ಶುರುವಾಗಬೇಕು ಎಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆಯಾಡಿಸಿದರು. ಓಂಕಾರಯ್ಯ ಕೇಳಿದರು: “ಸಾರ್, ಇದನ್ನ ಈ ವರ್ಷವೇ ಯಾಕೆ?”

“ಮಾರ್ಚ್‌ನಲ್ಲಿ ಯೂನಿವರ್ಸಿಟಿಯೋರು ಬರ್ತಾರಲ್ಲಪ್ಪ. ಮಾನ್ಯತೆ ಕಾಯಂ ಆಗ್ಬೇಕು. ಇಂಥದೊಂದು ಹೊಸ ಪಾಠ ಇದ್ರೆ ನಮ್ಮ ಕಾಲೇಜಿಗೊಂದು ಹೆಸರು.”

“ಹೆಸರಿಗಾದ್ರೆ ಯಾರಾದ್ರೂ ಮಾಡಬೋದು. ಪಾಠಕ್ಕಾದ್ರೆ ನಾನು ಮಾಡ್ತೀನಿ.”

ಅಧ್ಯಕ್ಷರು ನಕ್ಕು, “ಹಂಗಾದ್ರೆ ನೀವೇ ಮಾಡಿ” ಎಂದರು. ಹೋಗುವಾಗ ನನ್ನನ್ನು ಹೊಂಗೆಮರದ ಕೆಳಗೆ ಕರೆದು, “ಏನಪ್ಪಾ, ಆ ಮೇಷ್ಟ್ರು ಕ್ಲಾಸಲ್ಲಿ ಏನೇನ್ ಹೇಳ್ತಾರೆ ಅಂತ ಸ್ವಲ್ಪ ಕಿವಿ ಕೊಟ್ಟಿರು” ಎಂದರು. ನಾನು ಆಗಲಿ ಎಂದೆ. ನನ್ನ ಟೈಪ್ ಯಂತ್ರ ಇದ್ದದ್ದು ಅವರ ಕ್ಲಾಸಿನ ಗೋಡೆಯ ಈಚೆಗೆ. ಆ ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲ.

ಹಾಗಾಗಿ ಅವರ ಪಾಠವನ್ನು ವಿದ್ಯಾರ್ಥಿಗಳಿಗಿಂತ ಹೆಚ್ಚು ಗಮನ ಕೊಟ್ಟು ಕೇಳಿದವನು ನಾನೇ ಇರಬೇಕು. ಅವರು ಪುಸ್ತಕ ತೆರೆಯುತ್ತಿದ್ದದ್ದು ಕಡಿಮೆ. ಒಬ್ಬೊಬ್ಬರಿಗೆ ಒಂದೊಂದು ವ್ಯಾಪಾರ ಹಂಚಿಕೊಟ್ಟು, ಅದರ ಹಿತ್ತಲಿಗೆ ಹೋಗಿ ನೋಡಿ ಬರೆಯಿರಿ ಎನ್ನುತ್ತಿದ್ದರು. ಅಕ್ಕಿ ಗಿರಣಿಯ ಬೂದಿ ಯಾರ ಗದ್ದೆಗೆ ಹೋಗುತ್ತದೆ, ಸೀಮೆಎಣ್ಣೆ ಅಂಗಡಿಯಲ್ಲಿ ಸಾಲು ತಪ್ಪಿಸಿ ಯಾರಿಗೆ ಮೊದಲು ಕೊಡುತ್ತಾರೆ, ಮೆಣಸಿನಕಾಯಿ ಮಂಡಿಯಲ್ಲಿ ಚೀಲ ಹೊಲಿಯುವ ಹೆಂಗಸರ ಕಣ್ಣು ಏಕೆ ಕೆಂಪಗಿದೆ, ಇಂಥವು.

“ನೀತಿ ಅಂತ ಬರೀಬ್ಯಾಡ್ರೋ” ಎನ್ನುತ್ತಿದ್ದರು. “ಕಂಡಿದ್ದು ಬರೀರಿ. ಎಲ್ ನಿಂತು ನೋಡ್ದೆ, ಎಷ್ಟೊತ್ತಿಗೆ ನೋಡ್ದೆ, ಇನ್ಯಾರ್ ಇದ್ರು. ಇಷ್ಟಿದ್ರೆ ಸಾಕು.” ಇನ್ನೊಂದು ದಿನ ಹೇಳಿದರು: “ವ್ಯಾಪಾರಸ್ಥ ಬಂದು ನಿಮ್ ಮುಂದೆ ಸಮಾಜ ಸೇವೆ ಅಂದ್ರೆ ಕೈ ಮುಗೀರಿ, ತಪ್ಪಿಲ್ಲ. ಮುಗಿದ್ಮೇಲೆ ಅವನ ಮೋರಿ ಎಲ್ಲೈತೆ ಅಂತ ಕೇಳಿ.”

ಆ ತರಗತಿಯಲ್ಲಿ ಅಜ್ಜಂಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗೌರಮ್ಮ ಎಂಬ ಹುಡುಗಿ ಇದ್ದಳು. ನಾರಿನ ಕಾರ್ಖಾನೆ ಅವಳ ಪಾಲಿಗೆ ಬಂತು. ಅವಳೇ ಕೇಳಿ ತೆಗೆದುಕೊಂಡಳೋ, ಮೇಷ್ಟ್ರು ಕೊಟ್ಟರೋ ನನಗೆ ಗೊತ್ತಿಲ್ಲ. ಅವಳು ಬರೆದದ್ದನ್ನು ಟೈಪ್ ಮಾಡಿದವನು ನಾನು. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ನಾರು ಬಿಡಿಸಲು ತಿಂಗಳುಗಟ್ಟಲೆ ಹೊಂಡದಲ್ಲಿ ನೆನೆಹಾಕುತ್ತಾರೆ. ಆ ನೀರು ಕಾಫಿಯ ಬಣ್ಣಕ್ಕೆ ತಿರುಗಿ, ತೂಬಿನಿಂದ ಹಳ್ಳಕ್ಕಿಳಿದು ಕೆಳಗಿನ ಊರಿಗೆ ಹೋಗುತ್ತದೆ. ಅಲ್ಲಿ ದನಗಳು ಹಳ್ಳಕ್ಕೆ ಬಾಯಿ ಹಾಕುವುದಿಲ್ಲ. ಬಟ್ಟೆ ಒಗೆಯುವ ಹೆಂಗಸರ ಕೈಯಲ್ಲಿ ಕಜ್ಜಿ ಎದ್ದಿದೆ. ಎರಡು ಹಾಳೆಯಲ್ಲಿ ಇಷ್ಟೇ ಇತ್ತು. ಅದರ ಕಾರ್ಬನ್ ಪ್ರತಿಯನ್ನು ನಾನು ಅಧ್ಯಕ್ಷರಿಗೆ ಮುಟ್ಟಿಸಿದೆ.

ಅವರು ಸಿಟ್ಟಾಗಲಿಲ್ಲ. ಓದಿ ಮಡಿಸಿ ಜೇಬಿಗಿಟ್ಟುಕೊಂಡು, “ಕಡೂರಿನಲ್ಲಿ ಈ ಮೇಷ್ಟ್ರ ಭಾಮೈದ ನಾರಿನ ಫ್ಯಾಕ್ಟರಿ ಹಾಕ್ತಾನಂತೆ, ನಿಂಗೊತ್ತಾ?” ಎಂದರು. ನನಗೆ ಗೊತ್ತಿರಲಿಲ್ಲ. ಕೇಳಿದ ಮೇಲೆ ಮನಸ್ಸು ಹಗುರವಾಯಿತು. ಎರಡು ವರ್ಷ ನಾನು ಹುಡುಕುತ್ತಿದ್ದ ಉದ್ದೇಶ ಇದೇ ಎಂದು ಒಪ್ಪಿಕೊಂಡೆ, ಮತ್ತೊಬ್ಬರನ್ನು ಕೇಳಿ ನೋಡಲಿಲ್ಲ.

ಹೊಸ ಪಾಠಕ್ಕೆ ಮಾದರಿ ಎಂದು ಅತಿಥಿಗಳಿಗೆ ತಮ್ಮ ಕಾರ್ಖಾನೆಯನ್ನೇ ತೋರಿಸುವುದೆಂದು ಅಧ್ಯಕ್ಷರು ಗೊತ್ತುಮಾಡಿದ್ದರು. ಅತಿಥಿಗಳು ಬರುವ ವಾರ ಅವರು ಹೊಂಡದ ಮೇಲಿನ ಮಟ್ಟೆಯನ್ನೆಲ್ಲ ತೆಗೆಸಿ ಹೊಸ ನೀರು ಬಿಡಿಸಿದರು. ತಳದ ಮಟ್ಟೆ ಹಾಗೆಯೇ ಉಳಿಯಿತು, ಅದನ್ನು ಎಳೆಯಲು ತಿಂಗಳು ಬೇಕಿತ್ತು. ಮಂಗಳವಾರ ಬೆಳಿಗ್ಗೆ ನನ್ನನ್ನು ಕರೆದು, ಟ್ರ್ಯಾಕ್ಟರ್ ತಗೊಂಡು ಬುಕ್ಕಾಂಬುಧಿಗೆ ಹೋಗಿ ಕೆರೆಯಿಂದ ಜೀವಂತ ಮೀನು ತಾ ಎಂದರು. “ಮೀನು ಓಡಾಡೋ ನೀರನ್ನ ಕೆಟ್ಟದ್ದು ಅಂತ ಯಾರಂತಾರೆ?” ಎಂಬುದು ಅವರ ಮಾತು.

ಬುಕ್ಕಾಂಬುಧಿಯಲ್ಲಿ ಮೀನು ಹಿಡಿಯುವ ಹನುಮಂತಪ್ಪ ನಾಲ್ಕು ಡ್ರಮ್ಮಿಗೆ ಮೀನು ತುಂಬಿಸಿ ತಾನೂ ಜೊತೆಗೆ ಬಂದ. ದಾರಿಯುದ್ದಕ್ಕೂ ಕೈಯಿಂದ ನೀರು ಕಲಕುತ್ತಿದ್ದ. ಸಂಜೆ ನಾಲ್ಕಕ್ಕೆ ಹೊಂಡದ ದಡದಲ್ಲಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದ.

“ಸ್ವಾಮಿ, ಇದ್ರಾಗೆ ಬಿಡ್ಬ್ಯಾಡಿ. ತಡಿಯಾಕಿಲ್ಲ ಇವು.”

“ನಾಳೆ ಮಧ್ಯಾಹ್ನದ ತನಕ ತಡೆದ್ರೆ ಸಾಕು” ಎಂದೆ.

ಅವನು ನನ್ನ ಮುಖ ನೋಡಿದ. “ಅಂಗಾರೆ ನೀವೇ ಬಿಡಿ” ಎಂದು ಪಕ್ಕಕ್ಕೆ ಸರಿದು ನಿಂತ. ನಾಲ್ಕೂ ಡ್ರಮ್ಮನ್ನು ನಾನೇ ಬಗ್ಗಿಸಿದೆ.

ಬುಧವಾರಕ್ಕೆ ಬರುತ್ತೇನೆ. ಏರಿಯ ಮೇಲೆ ಮೂವರು ಅತಿಥಿಗಳು, ಅಧ್ಯಕ್ಷರು, ಇಪ್ಪತ್ತರಷ್ಟು ವಿದ್ಯಾರ್ಥಿಗಳು. ಹನುಮಂತಪ್ಪ ಮನೆಗೆ ಹೋಗಿರಲಿಲ್ಲ, ಶೆಡ್ಡಿನ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ. ಅಧ್ಯಕ್ಷರು ಹೊಣೆಗಾರಿಕೆಯ ಬಗ್ಗೆ ಮಾತಾಡಿ, ಪೊಟ್ಟಣ ಬಿಚ್ಚಿ ಒಂದು ಹಿಡಿ ಮಂಡಕ್ಕಿಯನ್ನು ನೀರಿಗೆ ಎರಚಿದರು. ಅಷ್ಟರಲ್ಲಾಗಲೇ ಹೊಂಡದ ತುಂಬ ಮೀನಿನ ಬಾಯಿಗಳು ಕಾಣಿಸುತ್ತಿದ್ದವು. ನೂರಾರು ಬಾಯಿ, ಒಂದೇ ಸಮನೆ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

ಅತಿಥಿಗಳಲ್ಲಿ ಹಿರಿಯರೊಬ್ಬರು ಕೈ ತಟ್ಟಿದರು. “ಏನ್ ಚೆಂದ ರೀ! ಸಾಕಿದ ಮೀನಿನ ಹಂಗೆ ಮೇಲಕ್ಕೆ ಬಂದ್ವು!”

ಓಂಕಾರಯ್ಯ ಕೂತಲ್ಲಿಂದಲೇ ಹೇಳಿದರು. ದನಿ ಏರಿಸಲಿಲ್ಲ. “ಮಂಡಕ್ಕಿ ನೋಡಿ ಸಾರ್. ಹಂಗೇ ತೇಲ್ತಾ ಐತೆ. ಒಂದೂ ಬಾಯಿ ಹಾಕ್ತಿಲ್ಲ. ಅವು ತಿನ್ನೋಕೆ ಬಂದಿಲ್ಲ, ಉಸಿರಿಗೆ ಬಂದಿದಾವೆ.”

ಎಲ್ಲರೂ ನೀರು ನೋಡಿದರು. ಮಂಡಕ್ಕಿ ಬಿಳಿಯಾಗಿ ಮೀನಿನ ಮೂತಿಗಳ ನಡುವೆ ತೇಲುತ್ತಿತ್ತು.

“ನೀವು ಓದಿದ್ದು ಕಾಮರ್ಸು ಮೇಷ್ಟ್ರೇ” ಎಂದರು ಅಧ್ಯಕ್ಷರು ನಗುತ್ತಲೇ. “ಮೀನಿನ ವಿಷಯ ನಿಮಗೇನ್ ಗೊತ್ತು?”

“ಕೆರೆ ಬತ್ತುವಾಗ ನೋಡಿದೀನಿ ಸಾರ್. ಇವು ಈ ಹೊಂಡದ ಮೀನಲ್ಲ.” ಹಾಗೆಂದವರು ಎದ್ದು ನನ್ನ ಕಡೆ ತಿರುಗಿದರು. “ನಿನ್ನೆ ನೀವು ಆಫೀಸಲ್ಲಿರಲಿಲ್ಲ. ಇವು ಎಲ್ಲಿಂದ ಬಂದ್ವು ಅಂತ ನಿಮಗೇನಾದ್ರೂ ಗೊತ್ತಾ?”

ಅತಿಥಿಗಳು ನನ್ನನ್ನು ನೋಡಿದರು. ನಾನು ಒಂದು ಮಾತು ಹೇಳಿದ್ದರೆ ಅವರು ತೂಬಿನ ಕೆಳಗೆ ಇಳಿದು ಹಳ್ಳ ನೋಡುತ್ತಿದ್ದರೋ ಏನೋ. ಓಂಕಾರಯ್ಯನವರ ಕೆಲಸ ಆ ಕ್ಷಣದಲ್ಲಿ ನನ್ನ ಬಾಯಲ್ಲಿದೆ ಎಂಬುದು ನನಗೆ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

“ತಲೆನೋವಿತ್ತು ಸಾರ್. ಮನೇಲಿ ಮಲಗಿದ್ದೆ” ಎಂದೆ.

ಮೇಷ್ಟ್ರು ಪ್ಯಾಂಟಿನ ತುದಿಯ ಕೆಸರು ಕೊಡವಿಕೊಂಡರು. “ಸರಿ” ಎಂದರು. ಅಧ್ಯಕ್ಷರು “ಬನ್ನಿ ಸಾರ್, ಎಳನೀರು” ಎಂದು ಎಲ್ಲರನ್ನೂ ಶೆಡ್ಡಿನ ಕಡೆ ಕರೆದೊಯ್ದರು. ಹನ್ನೊಂದೂಕಾಲಿಗೆ ಸರಿಯಾಗಿ ನಾನು ಎಳನೀರು ಕೊಡಿಸಿದೆ.

ಮೂರು ಗಂಟೆಯ ಹೊತ್ತಿಗೆ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲತೊಡಗಿದವು. ಅಷ್ಟರಲ್ಲಿ ಅತಿಥಿಗಳ ಕಾರು ಹೊರಟುಹೋಗಿತ್ತು. ಕಾಲೇಜಿಗೆ ಮಾನ್ಯತೆ ಬಂತು, ಹೊಸ ಪಾಠಕ್ಕೆ ವರದಿಯಲ್ಲಿ ಮೆಚ್ಚುಗೆಯೂ ಇತ್ತು. ಏಪ್ರಿಲ್ ಕೊನೆಗೆ ಓಂಕಾರಯ್ಯನವರ ನೇಮಕ ಮುಂದುವರಿಸುವುದಿಲ್ಲ ಎಂಬ ಪತ್ರ ಸಿದ್ಧವಾಯಿತು. ಅದನ್ನು ನಾನೇ ಟೈಪ್ ಮಾಡಿದೆ, ಒಂದು ತಪ್ಪೂ ಇಲ್ಲದೆ. ಮುಂದಿನ ವರ್ಷ ಆ ಪಾಠವನ್ನು ಬೇರೊಬ್ಬರು ಪುಸ್ತಕ ನೋಡಿ ಮಾಡಿದರು. ಯಾರೂ ಯಾರ ಹಿತ್ತಲಿಗೂ ಹೋಗಲಿಲ್ಲ.

ಅವರನ್ನು ಕಡೆಯ ಸಲ ನೋಡಿದ್ದು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ಕಡೂರಿನ ಬಸ್ಸಿನ ಮೇಲೆ ಅವರ ಟ್ರಂಕು ಏರಿಸುತ್ತಿದ್ದರು. ಅಲ್ಲಿನ ಟ್ಯುಟೋರಿಯಲ್ ಒಂದರಲ್ಲಿ ಕೆಲಸ ಸಿಕ್ಕಿತ್ತು. ನಾನು ಮರೆಯಾಗುವ ಮೊದಲೇ ಅವರು ಕಂಡುಬಿಟ್ಟರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: “ನಿಮ್ಮ ಭಾಮೈದನ ಫ್ಯಾಕ್ಟರಿ ಕಡೂರಲ್ಲೇ ಅಲ್ವಾ ಸಾರ್?”

“ಯಾವ ಭಾಮೈದ? ನನ್ನ ಹೆಂಡ್ತಿಗೆ ಅಣ್ಣತಮ್ಮ ಯಾರೂ ಇಲ್ಲ ಕಣ್ರೀ.” ಆಮೇಲೆ ಅರ್ಥವಾಗಿರಬೇಕು, ಮೆಲ್ಲಗೆ ತಲೆಯಾಡಿಸಿದರು. “ಓಹೋ. ಅಧ್ಯಕ್ಷರು ಹಂಗೆ ಹೇಳಿದ್ರಾ.”

ಮೀನು ಬುಕ್ಕಾಂಬುಧಿಯದು, ನಾಲ್ಕು ಡ್ರಮ್ಮು, ಬಗ್ಗಿಸಿದವನು ನಾನು ಎಂದು ಅಲ್ಲೇ ಹೇಳಿದೆ. ಅವರು ಬೈಯಲಿಲ್ಲ. “ಇದನ್ನ ಬರೆದು ಕೊಡ್ತೀರಾ?” ಎಂದರು. ಬರೆದು ಕಳಿಸುತ್ತೇನೆ ಎಂದೆ. ಬಸ್ಸು ಹೊರಟಿತು. ತಿಂಗಳ ಮೇಲೆ ಕಡೂರಿನಿಂದ ಒಂದು ಕಾರ್ಡ್ ಬಂತು, ಅದರಲ್ಲಿ ಅವರ ವಿಳಾಸ ಬಿಟ್ಟು ಬೇರೇನೂ ಇರಲಿಲ್ಲ. ನಾನು ಬರೆಯಲಿಲ್ಲ. ಎಂಬತ್ತೊಂಬತ್ತರಲ್ಲಿ ಅವರು ತೀರಿಕೊಂಡರೆಂದು ಕೇಳಿದೆ. ಆಗಲೂ ಬರೆಯಲಿಲ್ಲ. ಈಗ ಬರೆದಿದ್ದೇನೆ, ಇನ್ನು ಅಲ್ಲಿ ಯಾರ್ಯಾರಿದ್ದರು ಎಂಬುದೊಂದು ಬಾಕಿ.

ಶಿವಲಿಂಗಪ್ಪನವರು ಈಗಿಲ್ಲ. ಆ ಮೂವರು ಅತಿಥಿಗಳ ವಿಷಯ ತಿಳಿಯದು. ಹನುಮಂತಪ್ಪ ಬುಕ್ಕಾಂಬುಧಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಗೌರಮ್ಮ ಅಜ್ಜಂಪುರದಲ್ಲಿದ್ದಾರೆ. ಹೋದ ವರ್ಷ ಒಂದು ಮದುವೆಯಲ್ಲಿ ಸಿಕ್ಕಿದಾಗ ಅವರು ಹೇಳಿದರು: “ಮಂಗಳವಾರ ನೀವು ಡ್ರಮ್ ಇಟ್ಕೊಂಡು ಟ್ರ್ಯಾಕ್ಟರಲ್ಲಿ ನಮ್ಮನೆ ಮುಂದೇನೇ ಹೋದ್ರಿ ಸಾರ್. ಮಾರನೇ ದಿನ ಮೇಷ್ಟ್ರು ನಿಮ್ಮನ್ನ ಕೇಳಿದಾಗ ನಾನು ಅವರ ಹಿಂದೆ ಏರಿ ಮೇಲೇನೇ ನಿಂತಿದ್ದೆ. ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ.”