ಗೋಡೆಯಾಚೆಗಿನ ದೂರ

ಶಕುನ, ಮುನ್ಸೂಚನೆ ಅಂದರೆ ನನಗೆ ಮೈ ಉರಿಯುತ್ತಿತ್ತು. ಹಲ್ಲಿ ಲೊಚಗುಟ್ಟಿತೆಂದು ಯಾರಾದರೂ ಹೊರಟ ಕೆಲಸ ನಿಲ್ಲಿಸಿದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿಬಿಡುತ್ತಿದ್ದೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳಲಾರೆ.

ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಅಪ್ಪನದೂ ಚಿಕ್ಕಪ್ಪನದೂ ಒಂದೇ ಗೋಡೆಯ ಎರಡು ಮನೆ. ಇಬ್ಬರಿಗೂ ಸೇರಿದ ಆಲೆಮನೆಯಲ್ಲಿ ಒಂದು ವರ್ಷ ಚಿಕ್ಕಪ್ಪ ತನ್ನ ಕಬ್ಬನ್ನೇ ಮೊದಲು ಅರೆಸಿಕೊಂಡ. ಕಡಿದು ಹಾಕಿದ್ದ ಅಪ್ಪನ ಕಬ್ಬು ಬಿಸಿಲಿಗೆ ಒಣಗಿತು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಎಂಥ ಘನಂದಾರಿ ಜಗಳ ನೋಡಿ.

ನಾನು ಮನೆಯಿಂದಲೇ ಕೆಲಸ ಮಾಡುವವಳು. ವಿಮಾನ, ಉಪಗ್ರಹಗಳ ಹಾರಾಟವನ್ನು ಕಂಪ್ಯೂಟರಿನೊಳಗೇ ನಡೆಸಿ ನೋಡುವ ಸಾಫ್ಟ್‌ವೇರು ನಮ್ಮದು. ಒಂದು ವಸ್ತುವಿನಿಂದ ಇನ್ನೊಂದು ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿದೆ ಎಂದು ಅದು ವರದಿ ಕೊಡುತ್ತದೆ. ಆ ವರದಿಯನ್ನು ಪರೀಕ್ಷಿಸುವುದು ನನ್ನ ಕೆಲಸ. ಕದಲದ ಎರಡು ವಸ್ತು ಇಟ್ಟು ನೋಡಿದರೆ ತಪ್ಪು ಬೇಗ ಸಿಗುತ್ತದೆ. ಕಳೆದ ವರ್ಷ ಒಂದು ಬೆಳಿಗ್ಗೆ, ಒಂದು ವಸ್ತುವನ್ನು ಅಪ್ಪನ ಮಂಚದ ಜಾಗದಲ್ಲೂ ಇನ್ನೊಂದನ್ನು ಗೋಡೆಯಾಚೆ ಚಿಕ್ಕಪ್ಪ ಕಾಯಿಲೆಯಿಂದ ಮಲಗಿದ್ದ ಜಾಗದಲ್ಲೂ ಇಟ್ಟೆ. ಪೂರ್ವಕ್ಕೆ, ನಮ್ಮ ಲೆಕ್ಕದಲ್ಲಿ ನಾಲ್ಕು ಮಾರು ದೂರ ಎಂದು ಬಂತು. ಸರಿಯಾಗಿಯೇ ಇತ್ತು.

ಮಧ್ಯಾಹ್ನ ಚಿಕ್ಕಮ್ಮ ಬಾಗಿಲಿಗೆ ಬಂದಳು. "ನಿಮ್ಮನ್ನೇ ಕೇಳ್ತಾವ್ರೆ ಬಾವ. ಒಂದ್ಗಳ್ಗೆ ಬಂದು ಮಕ ತೋರ್ಸೋಗಿ."

"ಸಂಜಿಕೆ ನೋಡಾನ ಬುಡವ್ವ," ಅಂದ ಅಪ್ಪ, ತಲೆಯೆತ್ತದೆ.

ಅವಳು ಹೋದ ಮೇಲೆ ವರದಿಯನ್ನು ಮತ್ತೊಮ್ಮೆ ತೆಗೆದೆ. ದೂರ ಮೈಲಿಗಟ್ಟಲೆ ತೋರಿಸುತ್ತಿತ್ತು. ನಾನು ಕೈಯಾರೆ ಕೊಟ್ಟ ಜಾಗಗಳು ಮಾತ್ರ ಇದ್ದ ಹಾಗೇ ಇದ್ದವು. ಇನ್ನೊಮ್ಮೆ ತೆಗೆದೆ. ನಾಗಮಂಗಲಕ್ಕಿಂತ ದೂರ, ಅದೂ ಪೂರ್ವ ಬಿಟ್ಟು ದಕ್ಷಿಣಕ್ಕೆ. ಸಾಫ್ಟ್‌ವೇರಿನ ತಪ್ಪು ಎಂದು ನನಗೆ ನಾನೇ ಹೇಳಿಕೊಳ್ಳುತ್ತಲೇ ಅಪ್ಪನ ಹತ್ತಿರ ಓಡಿದೆ.

"ಅಪ್ಪ, ಈಗ್ಲೇ ಓಗಿ ನೋಡ್ಕಂಡ್ ಬಾ. ಚಿಕ್ಕಪ್ಪ ದೂರ ಓಯ್ತಾವ್ನೆ."

"ನಾಕ್ ಮಾರಾಚೆ ಮನ್ಗವ್ನೆ, ಎದ್ದು ಎಲ್ಲಿಗೋಯ್ತಾನೆ? ನನ್ ಕಬ್ಬು ಒಣಗ್ತಾ ಬಿದ್ದಿದ್ದಾಗ ಅವ್ನು ಕಾದಿದ್ನಾ?"

ಸ್ವಲ್ಪ ಹೊತ್ತಿಗೇ ಗೋಡೆಯಾಚೆ ಚಿಕ್ಕಮ್ಮನ ಗೋಳಾಟ ಕೇಳಿತು. ಕಂಪ್ಯೂಟರಿನಲ್ಲಿ ದಿಕ್ಕೂ ಇರಲಿಲ್ಲ, ದೂರವೂ ಇರಲಿಲ್ಲ, ವರದಿ ಖಾಲಿ. ಆಗ ಹೋದ ಅಪ್ಪ, ಹೆಗಲಿಗೆ ಟವೆಲ್ಲು ಹಾಕಿಕೊಂಡು. "ಈಗ್ ಬಂದ್ರಾ ಬಾವ" ಅಂದಳು ಚಿಕ್ಕಮ್ಮ.

ಜೊತೆಯ ಇಂಜಿನಿಯರುಗಳು ಸಾಫ್ಟ್‌ವೇರನ್ನೆಲ್ಲ ಜಾಲಾಡಿದರೂ ತಪ್ಪು ಸಿಗಲಿಲ್ಲ. ನನ್ನ ಕಣ್ಣೇ ಕೆಟ್ಟಿತ್ತೋ ಏನೋ, ನನಗಂತೂ ಇವತ್ತಿಗೂ ತಿಳಿಯದು. ಅಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅವನು ಒಮ್ಮೊಮ್ಮೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.

"ಈಗೆಷ್ಟು ದೂರ ತೋರುಸ್ತದವ್ವ?"

ವರದಿ ತೆಗೆಯುತ್ತೇನೆ. ಆ ದಿನ ಖಾಲಿಯಾಗಿದ್ದು ಬಿಟ್ಟರೆ, ಆಮೇಲೆ ಬರುವುದು ಯಾವಾಗಲೂ ಮೊದಲಿನ ಲೆಕ್ಕವೇ. "ನಾಕೇ ಮಾರು ಕಣಪ್ಪ," ಅನ್ನುತ್ತೇನೆ.

"ಸುಳ್ಳೇಳ್ತದೆ ಕಣವ್ವ ಅದು," ಎಂದು ಹೊರಗೆ ಹೋಗುತ್ತಾನೆ.