ಬಾವಿಯ ಪಾಳಿ, ವೆಬ್‌ಸೈಟಿನ ಪಾಳಿ

ನಾನು ಹೊಳೆ ದಂಡೆಯ ಉಗಾರ ಬುದ್ರುಕಕ್ಕೆ ಬಂದ ಹೊಸತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ತಂತಿಯ ಮೇಲೆ ಒಣಹಾಕಿದ ಬಿಳಿ ಸೀರೆಯ ತುಂಬ ಕರಿ ಚುಕ್ಕೆ. ಆಕಾಶದಿಂದ ಇನ್ನೂ ಏನೋ ಕರ್ರಗೆ, ಹಗುರವಾಗಿ ಉದುರುತ್ತಲೇ ಇತ್ತು. ಮುಟ್ಟಿದರೆ ಬೆರಳಿಗೆ ಮಸಿ. ಎಲ್ಲೋ ಬೆಂಕಿ ಬಿದ್ದಿದೆ ಎಂದು ಕಿರುಚಿಕೊಂಡೆ. ಮನೆಯ ಒಡತಿ ಅಕ್ಕಾತಾಯಿ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ನನ್ನನ್ನೂ ಸೀರೆಯನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೆಂಕಿ ಅಲ್ರೀ ಮೇಡಮ್, ಹಂಗಾಮ ಚಾಲೂ ಆತು! ಕಾರಖಾನಿ ಚಿಮಣಿ ಮಸಿ ಅದು. ಇನ್ನ ಬ್ಯಾಸಗಿ ಮಟಾ ಬಿಳಿ ಸೀರಿ ಟ್ರಂಕಿನ್ಯಾಗ ಇಡ್ರಿ."

ಹಂಗಾಮ ಎಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ಆ ಕಾಲದಲ್ಲಿ ಇಡೀ ಊರು ಬೆಲ್ಲದ ಪಾಕದ ವಾಸನೆ ಹೊಡೆಯುತ್ತದೆ. ಮುಳಬಾಗಿಲಿನ ಕಡೆಯವಳಾದ ನನಗೆ ಹೊಳೆಯೇ ಹೊಸತು, ಇನ್ನು ಮಸಿಯ ಮಳೆ ಕೇಳಬೇಕೆ? ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತೆಂದು ಪೆಟ್ಟಿಗೆ ಕಟ್ಟಿಕೊಂಡು ರಾಜ್ಯದ ಈ ಗಡಿಯಂಚಿಗೆ ಬಂದಿದ್ದೆ. ನಮ್ಮೂರಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಇಲ್ಲಿ ಕನ್ನಡದಲ್ಲಿ ಹೊರಟ ಮಾತು ಮರಾಠಿಯಲ್ಲಿ ಮನೆ ಮುಟ್ಟುತ್ತದೆ. ಎರಡು ಭಾಷೆಯ ನಡುವೆ ಬದುಕುವುದು ನನಗೆ ಗೊತ್ತಿತ್ತು, ಆದರೆ ಇವರ ಎರಡು ನನ್ನ ಎರಡಲ್ಲ.

ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಒಂದು ಭಾನುವಾರ ಮುದ್ದೆ ಕಟ್ಟಿ ಅಕ್ಕಾತಾಯಿಗೂ ಕೊಟ್ಟೆ. ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಟ್ಟೆ. "ನುಂಗೂದಾದ್ರ ದೇವರು ಹಲ್ಲ ಯಾಕ ಕೊಟ್ಟಾನ್ರೀ?" ಎಂದು ಕೇಳಿ ಅವರು ರೊಟ್ಟಿ, ಕಡಲೆಹಿಟ್ಟಿನ ಝುಣಕಕ್ಕೆ ಮರಳಿದರು. ನಾನೂ ನಿಧಾನಕ್ಕೆ ಹಲ್ಲಿಗೆ ಕೆಲಸ ಕೊಡಲು ಕಲಿತೆ. ಆದರೂ ಭಾನುವಾರಗಳು ಬಲು ಉದ್ದ. ಊರಿನವರೆಲ್ಲ ಯಾರದೋ ಮಗಳು, ಯಾರದೋ ಸೊಸೆ. ನಾನೊಬ್ಬಳೇ "ಬಾಡಿಗಿ ಮೇಡಮ್". ಸಂಕಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಸಂಕಟಕ್ಕೆ ಮದ್ದಾಗಿ ಸಿಕ್ಕವಳು ಸುಜಾತಾ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಗೆಳತಿಯಾದಳು. ಹೊಳೆಯಾಚೆಯ ಹಳ್ಳಿಗಳಿಗೆ ಆರೋಗ್ಯ ಸಹಾಯಕಿ. ದಿನವೂ ತಗ್ಗಿನ ಸೇತುವೆ ದಾಟಿ ಹೋಗಿ ಬರುವವಳು. ಊರಿನ ಹೊರ ಅಂಚಿನ ಕೇರಿಯಲ್ಲಿ ಅವಳ ಮನೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳ ನರ್ಸಿಂಗ್ ಪ್ರಮಾಣಪತ್ರ. ಅಪ್ಪ ಅವ್ವ ಜೀವಮಾನವಿಡೀ ಕಂಡವರ ಕಬ್ಬಿಗೆ ನೀರು ಹಾಯಿಸಿದವರು. ಸ್ವಂತದ್ದೆಂದು ಒಂದು ಗುಂಟೆ ಇಲ್ಲ.

ಇನ್ನು ಅಕ್ಕಾತಾಯಿಯ ಗಂಡ ಅಣ್ಣಾಸಾಹೇಬರು. ಒಂದೇ ದೊಡ್ಡ ಬಾವಿಯಲ್ಲಿ ಪಾಲಿರುವ ನಾಲ್ಕು ಮನೆತನದವರು ಕೂಡಿ ಒಂದು ರೈತ ಮಂಡಳಿ ಮಾಡಿಕೊಂಡಿದ್ದರು. ಇವರೇ ಅದಕ್ಕೆ ಹಿರಿಯರು. ಮಳೆಗಾಲ ಬಂತೆಂದರೆ ಅವರ ಫೋನಿಗೆ ಬಿಡುವಿಲ್ಲ. ಸಾಂಗಲಿಯಲ್ಲಿ ನೌಕರಿಗಿರುವವರು, ಯಡೂರಿನ ವೀರಭದ್ರನಿಗೆ ಹೊರಟವರು, ಎಲ್ಲರದೂ ಒಂದೇ ಪ್ರಶ್ನೆ: ಸೇತುವೆ ಮುಳುಗಿದೆಯೋ ಇಲ್ಲವೋ? ಆಗಷ್ಟೇ ಹಳ್ಳಿಯ ಜೇಬುಗಳಿಗೆ ದೊಡ್ಡ ಪರದೆಯ ಫೋನು ಇಳಿಯುತ್ತಿದ್ದ ಕಾಲ. ಮಂಡಳಿಗೊಂದು ವೆಬ್‌ಸೈಟ್ ಇರಲಿ, ಸೇತುವೆಯ ಸುದ್ದಿ, ಚಿಂಚಲಿಯ ದನದ ಪೇಟೆಯ ಸುದ್ದಿ ಅಲ್ಲೇ ಹಾಕೋಣ ಎಂದು ಎಲ್ಲರಿಗೂ ಹುಕಿ ಬಂತು. ಪೇಟೆಯ ಒಂದು ಕಂಪನಿಯವರು ಬಂದು ಚೆಂದದ ಸೈಟಿನ ಮಾದರಿ ತೋರಿಸಿ ಹೋದರು. ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಆದರೆ ಒಂದು ಸಾಲು ಬದಲಿಸಬೇಕಾದರೂ ಅವರಿಗೇ ಹೇಳಬೇಕು, ಅವರು ಮಾಡಿದಾಗ ಆಗುತ್ತದೆ.

ನನಗೆ ಸುಮ್ಮನಿರಲಾಗಲಿಲ್ಲ. ಬಾಯಿ ಹಾಕಿದೆ. ಮುಕ್ತ ತಂತ್ರಾಂಶ ಅಂತ ಒಂದಿದೆ, ಯಾರು ಬೇಕಾದರೂ ಇಳಿಸಿಕೊಂಡು ಸೈಟು ಕಟ್ಟಬಹುದು. ಒಮ್ಮೆ ಕಟ್ಟಿದ ಮೇಲೆ ಕಾಗದದ ಮೇಲೆ ಬರೆದಷ್ಟೇ ಸುಲಭವಾಗಿ ಸುದ್ದಿ ಬರೆದು, ಒಂದು ಗುಂಡಿ ಒತ್ತಿ ಪ್ರಕಟಿಸಬಹುದು ಎಂದೆ. ಕಂಪನಿಯದು ಬಾಡಿಗೆ ಮನೆ, ಮೊಳೆ ಹೊಡೆಯಲೂ ಮಾಲೀಕನ ಅಪ್ಪಣೆ ಬೇಕು. ಇದು ಸ್ವಂತ ಮನೆ. ಕನ್ನಡ, ಮರಾಠಿ ಎರಡೂ ಒಟ್ಟಿಗೆ ಇಡಬಹುದು. ನಾಳೆ ನಾನು ಊರು ಬಿಟ್ಟರೂ ಇದನ್ನು ಬಲ್ಲ ಇನ್ನೊಬ್ಬರು ಸಿಗುತ್ತಾರೆ, ಏಕೆಂದರೆ ಇದರ ಒಳಗುಟ್ಟು ಎಲ್ಲರಿಗೂ ತೆರೆದೇ ಇದೆ.

"ಎಲ್ಲಾ ಚಲೋನ ಹೇಳಾಕತ್ತೀರಲ್ರಿ, ಖೋಡಿ ಏನೈತಿ ಅದನ್ನೂ ಹೇಳ್ರಿ" ಎಂದರು ಅಣ್ಣಾಸಾಹೇಬರು. ಎತ್ತು ಕೊಳ್ಳುವಾಗ ಹಲ್ಲು ನೋಡುವ ಜನ, ಬಿಡುತ್ತಾರೆಯೇ? ಖೋಡಿ ಎಂದರೆ ಐಬು. ಅದನ್ನೂ ಮುಚ್ಚಿಡದೆ ಹೇಳಿದೆ. ಕೆಟ್ಟರೆ ಫೋನ್ ಮಾಡಿ ಬೈಯಲು ಯಾರೂ ಇಲ್ಲ. ನಾವೇ ಹುಡುಕಿ ಸರಿಮಾಡಿಕೊಳ್ಳಬೇಕು. ಆಗಾಗ ಹೊಸ ಆವೃತ್ತಿ ಹಾಕದಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಯಾರೋ ಬರೆದ ಹೆಚ್ಚುವರಿ ತುಣುಕುಗಳನ್ನು ಕಂಡಕಂಡಲ್ಲಿ ಅಂಟಿಸಿದರೆ ಒಂದಕ್ಕೊಂದು ಆಗಿಬರದೆ ಸೈಟೇ ಮಲಗುತ್ತದೆ. ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಕನ್ನಡವನ್ನು ಹಾಗೇ ತಂದು ಹಾಕಿದರೆ ತೆರೆಯ ಮೇಲೆ ಬರೀ ಹುಳು ಹರಿದಾಡುತ್ತವೆ. ಅಕ್ಕಾತಾಯಿ ಒಳಗಿನಿಂದಲೇ ತೀರ್ಪು ಕೊಟ್ಟರು: "ಪುಕ್ಕಟೆ ಸಿಕ್ಕ ಆಕಳಿಗೂ ಮೇವು ಹಾಕಬೇಕಾಕ್ಕೈತಿ ಅಂದಂಗಾತು."

ಒಂದು ಮಳೆಗಾಲ ನೋಡೋಣ, ಆಗದಿದ್ದರೆ ಕಂಪನಿಯವರನ್ನು ಕರೆಯೋಣ ಎಂದಾಯಿತು. ನಾನು ಇನ್ನೊಂದು ಮಾತು ಸೇರಿಸಿದೆ: ಸೇತುವೆ ದಿನಾ ದಾಟುವವಳು ಸುಜಾತಾ, ಅವಳಿಗೂ ಒಳಹೋಗುವ ಗುಪ್ತಪದ ಕೊಡೋಣ. ಎಲ್ಲರೂ ಎಲೆಯಡಿಕೆ ಚೀಲ ನೋಡತೊಡಗಿದರು. ಕೊನೆಗೆ ಅಣ್ಣಾಸಾಹೇಬರೇ, "ಆಕಿ ಹುಡುಗಿ ಚಲೋ ಐತ್ರಿ. ಆದ್ರ ಆಕೀದು ಬಾವ್ಯಾಗ ಪಾಲಿಲ್ಲಲ್ಲ" ಎಂದರು. ಬಾವಿಗೂ ವೆಬ್‌ಸೈಟಿಗೂ ಏನು ಸಂಬಂಧ ಎಂದು ನನಗೆ ಮೈ ಉರಿಯಿತು. ಸುಜಾತಾಳಿಗೆ ಹೇಳಿದಾಗ ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಾ ಫೋನ್ ಮಾಡಿ ಹೇಳ್ತೀನಿ, ಅವರು ಬರೀಲಿ. ಆದ್ರ ನಂಗೂ ಬರೀಬೇಕಂತ ಭಾಳ ಆಸೆ ಇತ್ತ್ ನೋಡ್ರಿ" ಎಂದಳು. ಹೇಗಾದರೂ ಮಾಡಿ ಇವಳನ್ನು ಒಳಗೆ ಸೇರಿಸಲೇಬೇಕೆಂದು ನಾನು ಅಂದೇ ಹಟ ತೊಟ್ಟೆ.

ಸೈಟು ಶುರುವಾಯಿತು. ವಾರ ಕಳೆಯುವುದರೊಳಗೆ ಅದಕ್ಕೆ ದೆವ್ವ ಹಿಡಿಯಿತು. ಸೋಮವಾರ ಬಂತೆಂದರೆ ಹಿಂದಿನ ವಾರದ ಪುಟಗಳೆಲ್ಲ ಮಾಯ! ನಾನು ತಂತ್ರಾಂಶವನ್ನು ಬೈದೆ, ಹೆಚ್ಚುವರಿ ತುಣುಕುಗಳನ್ನು ಒಂದೊಂದಾಗಿ ಕಿತ್ತೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲಿಯೂ ದೋಷವಿಲ್ಲ.

ಅಷ್ಟರಲ್ಲಿ ಮಳೆ ಜೋರಾಯಿತು. ಅಕ್ಕಾತಾಯಿ ಹೊಳೆಯಾಚೆಯ ಚಿಂಚಲಿಯ ತವರಿಗೆ ಹೋಗಿದ್ದರು. ಸೇತುವೆ ಮುಳುಗಿತೆಂದು ಸುಜಾತಾ ಭಾನುವಾರ ಫೋನ್ ಮಾಡಿದಳು, ಅಣ್ಣಾಸಾಹೇಬರು ಕೂಡಲೇ ಸೈಟಿಗೆ ಹಾಕಿದರು. ಸೋಮವಾರ ಅಕ್ಕಾತಾಯಿಯ ತಮ್ಮ ಫೋನಿನಲ್ಲಿ ನೋಡಿದರೆ ಸೇತುವೆಯ ಸುದ್ದಿಯೇ ಇಲ್ಲ. ಸುದ್ದಿಯಿಲ್ಲ ಎಂದರೆ ದಾರಿ ಇದೆ ಎಂದುಕೊಂಡು ಅಕ್ಕಾತಾಯಿ ಹೊರಟರು. ಹೊಳೆಯ ದಂಡೆಗೆ ಬಂದರೆ ಸೇತುವೆ ಎಲ್ಲಿದೆ? ಬರೀ ಕೆಂಪು ನೀರು. ದೂರದ ಎತ್ತರದ ಸೇತುವೆ ಹಿಡಿದು ಟೆಂಪೊದಲ್ಲಿ ಊರೂರು ಸುತ್ತಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಸಂಜೆಗೆ ಮನೆ ಸೇರಿದರು. ಕತ್ತಲಲ್ಲಿ ಬಂದಿದ್ದರೆ, ಕಾಣದೆ ಗಾಡಿ ಇಳಿಸಿದ್ದರೆ?

ಮಂಡಳಿಯ ನಾಲ್ವರೂ ಸೇರಿದರು. ಸುದ್ದಿ ತೆಗೆದವರು ಯಾರು ಎಂದು ನಾನು ಕೇಳುವ ಮೊದಲೇ ಎರಡನೇ ಮನೆತನದ ರಾವಸಾಹೇಬರು ಒಂಚೂರೂ ಅಳುಕಿಲ್ಲದೆ, "ನಾನರೀ" ಎಂದರು. "ಸೋಮವಾರ ನಂದು ಪಾಳಿ ಬಂತು. ಅಣ್ಣಾಸಾಹೇಬರದು ಬಂದ್ ಮಾಡಿ, ನಂದು ಚಾಲೂ ಮಾಡಿದೆ. ಮತ್ತೇನ್ ಮಾಡಬೇಕಿತ್ತ್ರಿ?"

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕೋಲಾರದ ಕಡೆ ಕೆರೆಯ ತೂಬಿಗೆ ನೀರಗಂಟಿ ಇರುತ್ತಾನೆ. ತೂಬು ತೆರೆಯುವವನೂ ಅವನೇ, ಮುಚ್ಚುವವನೂ ಅವನೇ. ಸೈಟಿಗೂ ಅಂಥ ಒಬ್ಬ ಇರುತ್ತಾನೆ ಎಂದುಕೊಂಡು ಒಂದೇ ಗುಪ್ತಪದ ಮಾಡಿ ಅಣ್ಣಾಸಾಹೇಬರ ಕೈಗೆ ಕೊಟ್ಟಿದ್ದೆ. ಇಲ್ಲಿ ನೀರಗಂಟಿ ಇಲ್ಲ. ಬಾವಿಯ ನೀರು ಮನೆತನದಿಂದ ಮನೆತನಕ್ಕೆ ಪಾಳಿಯ ಮೇಲೆ ಹೋಗುತ್ತದೆ. ನಿನ್ನ ಪಾಳಿ ಬಂತೆಂದರೆ ಹಿಂದಿನವನ ಕಾಲುವೆಗೆ ಮಣ್ಣು ಹಾಕಿ ಮುಚ್ಚಿ, ನಿನ್ನದನ್ನು ಒಡೆಯುವುದೇ ಧರ್ಮ. ಮುಚ್ಚದಿದ್ದರೆ ನಿನ್ನ ಬೆಳೆ ಒಣಗುತ್ತದೆ. ಆ ಗುಪ್ತಪದವನ್ನು ವಾರಕ್ಕೊಬ್ಬರಂತೆ ಕೈಬದಲಿಸುತ್ತ, ಅದೇ ಧರ್ಮವನ್ನು ಅವರು ವೆಬ್‌ಸೈಟಿಗೂ ನಿಯತ್ತಿನಿಂದ ಪಾಲಿಸಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನಗಿಂತ ಮೊದಲು ಅಕ್ಕಾತಾಯಿ ಒದ್ದೆ ಸೆರಗು ಹಿಂಡುತ್ತ ನಡುಮನೆಗೆ ಬಂದರು. "ನೀರ ಹಂಚಿದ್ರ ಕಡಿಮಿ ಆಕ್ಕೈತಿ, ಖರೆ. ಸುದ್ದಿ ಹಂಚಿದ್ರ ಕಡಿಮಿ ಆಕ್ಕೈತೇನು? ನಾಕೂ ಮಂದಿ ಒಮ್ಮಿಗೇ ಬರದ್ರ ಯಾರ ಕಬ್ಬು ಒಣಗತೈತಿ? ನಾ ಹೊಳಿ ಪಾಲಾಗಿದ್ರ ಯಾರ ಪಾಳಿಯಂತ ಕೂತ ಅಳತಿದ್ರಿ?"

ನಾನು ಲ್ಯಾಪ್‌ಟಾಪ್ ತೆರೆದು ತೋರಿಸಿದೆ: ಮುಚ್ಚಿದ ಪುಟಗಳು ಒಂದೂ ಹಾಳಾಗಿರಲಿಲ್ಲ. ಯಾವಾಗ ಏನು ಬದಲಾದರೂ ಅದರ ಹಳೆಯ ಪ್ರತಿಯನ್ನು ಈ ತಂತ್ರಾಂಶ ಜೋಪಾನವಾಗಿ ಇಟ್ಟುಕೊಂಡಿತ್ತು. ಒಂದೊಂದನ್ನೇ ಮತ್ತೆ ತೆರೆಯುತ್ತ ಹೋದಂತೆ ರಾವಸಾಹೇಬರ ಮುಖ ಸಡಿಲವಾಯಿತು. ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಪ್ತಪದ ಕೊಡಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಟ್ಟದಂತೆಯೂ ಮಾಡಬಹುದು ಎಂದು ವಿವರಿಸಿದೆ. "ಹಂಗಾದ್ರ ಸುಜಾತಾಗೂ ಒಂದು ಕೊಡ್ರಿ. ಆಕಿ ಕೈಯಾಗ ಇದ್ದಿದ್ರ ಇಷ್ಟ ರಾಡಿ ಆಗತಿದ್ದಿಲ್ಲ" ಎಂದರು ಅಣ್ಣಾಸಾಹೇಬರು. ಪಾಳಿ ರದ್ದಾಯಿತು. ಕಂಪನಿಯ ಮಾತನ್ನು ಯಾರೂ ಎತ್ತಲಿಲ್ಲ.

ಗೆದ್ದೆ ಎಂದುಕೊಂಡು ಸುಜಾತಾಳ ಮನೆಗೆ ಓಡಿದೆ. ಕೇಳಿ ಅವಳು ಸಣ್ಣಗೆ ನಕ್ಕಳು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

"ನಮ್ಮಪ್ಪ ಅವರ ಪಾಳ್ಯಾಗ ಅವರ ಹೊಲಕ್ಕ ಮುಂಜಾನಿಂದ ಸಂಜೀತನಕ ನೀರ ಹಾಯಿಸ್ಯಾನ್ರಿ. ನಮ್ಮದು ಅಂತ ಒಂದ್ ಪಾಳಿ ನಾವು ಕಂಡಿಲ್ಲ. ಈಗ ನಂಗ ಸಿಗೂ ಹೊತ್ತಿಗೆ ಪಾಳಿನ ತಗದ್ಬಿಟ್ರ್ಯಾ?"

ತಂತ್ರಾಂಶದ ಗುಣದೋಷವನ್ನೆಲ್ಲ ತೂಗಿದ್ದ ನನಗೆ ಇದೊಂದು ತಿಳಿದಿರಲಿಲ್ಲ. ಮನೆಗೆ ಬಂದು ಅಕ್ಕಾತಾಯಿಯ ಮುಂದೆ ಹೇಳಿಕೊಂಡು ಅತ್ತೆ. ಅಣ್ಣಾಸಾಹೇಬರು ಚಹಾ ಕುಡಿಯುತ್ತ ಕೇಳಿಸಿಕೊಂಡರು.

ಮುಂದಿನ ಸೋಮವಾರ ಬೆಳಿಗ್ಗೆ ಅವರು ತಲೆಗೆ ಪಟಕ ಸುತ್ತಿಕೊಂಡು ಊರಿನ ಆ ಅಂಚಿಗೆ ನಡೆದರು. ನಾನು ಹಿಂದೆಯೇ ಹೋದೆ. ಪಾಳಿ ಮುಗಿಸಿದವನು ಮುಂದಿನವನ ಅಂಗಳಕ್ಕೆ ತಾನೇ ಹೋಗಿ ಕೂಗಿ ಹೇಳಬೇಕು, ಅದು ಇಲ್ಲಿನ ರೂಢಿ. ಸುಜಾತಾಳ ಅಂಗಳದಲ್ಲಿ ನಿಂತು ಅವರು ಕೂಗಿದರು: "ಸುಜಾತಾ, ಪಾಳಿ ನಿಮ್ದು ಬಂತ್ರಿ!" ಊರ ಹಿರಿಯರು ಆ ಅಂಗಳದಲ್ಲಿ ಬಹುವಚನ ಆಡಿದ್ದು ಅದೇ ಮೊದಲಿರಬೇಕು. ಸುಜಾತಾಳ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಅವಳು ಹೊರಗೆ ಬಂದು, "ಒಳಗ ಬರ್ರಿ, ಚಹಾ ಕುಡದ ಹೋಗ್ರಿ" ಎಂದಳು. ಅಣ್ಣಾಸಾಹೇಬರು ಒಂದು ಗಳಿಗೆ ಚಪ್ಪಲಿ ನೋಡಿಕೊಂಡರು, ಆಮೇಲೆ ಬಿಟ್ಟು ಒಳಗೆ ಹೋದರು. ಆ ವಾರ ಸೈಟಿನ ಮುಖಪುಟದ ಮೇಲೆ ಅವಳ ಹೆಸರಿತ್ತು. ಪ್ರಕಟಿಸುವ ಮೊದಲು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಎಲ್ಲರಿಗೂ ತಮ್ಮ ತಮ್ಮ ಗುಪ್ತಪದ ಇದ್ದುದರಿಂದ ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ವಾರ ಕಳೆಯಿತು. ನಾನು ಕಟ್ಟೆಯ ಮೇಲೆ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಮ್ಮೂರ ಕೆರೆಗೆ ಎಷ್ಟೋ ವರ್ಷಕ್ಕೆ ನೀರು ಬಂದಿದೆಯಂತೆ, ಊರೇ ನೋಡಲು ಹೋಗಿದೆಯಂತೆ. "ನೀನೂ ಒಂದ್ಸಲ ಬಂದು ನೋಡ್ಕೊಂಡು ಹೋಗೇ" ಎನ್ನುತ್ತಿದ್ದಳು. ಯಾವ ಬಸ್ಸಿಗೆ ಹೊರಡಲಿ ಎಂದು ಲೆಕ್ಕ ಹಾಕತೊಡಗಿದ್ದೆ. ಆಗ ಅಂಗಳದಲ್ಲಿ ಸುಜಾತಾ ಬಂದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಮೇಡಮ್, ಪಾಳಿ ನಿಮ್ದು ಬಂತ್ರಿ!"

"ಯಾರೇ ಅದು? ಏನು ಬಂತಂತೆ?" ಎಂದಳು ಅಮ್ಮ.

"ಈ ವಾರ ಬರೋಕಾಗಲ್ಲಮ್ಮ" ಎಂದೆ. ಸುಜಾತಾಳ ಕಡೆ ತಿರುಗಿ ಹೇಳಿದೆ: "ಬರ್ರಿ, ಒಳಗ ಬರ್ರಿ."