ಹಲ್ಲಕ್ಕನ ಗಟ್ಟಿ ಪ್ರಾರ್ಥನೆ

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಳತೆ ತೆಗೆದು ಕಳಿಸಿದ ಅಚ್ಚು ನೋಡಿಕೊಂಡು ಕಟ್ಟುಹಲ್ಲು ತಯಾರಿಸುವವಳು. ದವಾಖಾನೆಯ ಹಿಂಬದಿಯಲ್ಲಿ ಅವಳ ಕೋಣೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಕೂತ ಪ್ಲಾಸ್ಟರ್ ದವಡೆಗಳು, ಕರಗಿದ ಮೇಣದ ವಾಸನೆ, ಏನು ಮುಟ್ಟಿದರೂ ಕೈಗೆ ಬಿಳಿ ಪುಡಿ. ಹಲ್ಲಕ್ಕ ಎಂದು ಹೆಸರಿಟ್ಟವರು ಚರ್ಚಿನ ಹುಡುಗರು. ಐವತ್ತು ದಾಟಿದ್ದರೂ 'ಆಂಟಿ' ಎಂದರೆ ಅವಳು ಮುಖ ಸಿಂಡರಿಸುತ್ತಿದ್ದಳು, ಅಕ್ಕನೇ ಆಗಬೇಕಿತ್ತು. ಹುಡುಗರು ಒಪ್ಪಿಕೊಂಡು, ಮುಂದೆ ಹಲ್ಲು ಸೇರಿಸಿದರು.

ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹದಿಹರೆಯದವರ ಕೂಟ ಸೇರುತ್ತಿತ್ತು. ಮೊದಲು ನೋಡಿಕೊಳ್ಳುತ್ತಿದ್ದ ದಂಪತಿ ಊರು ಬಿಟ್ಟಾಗ ಸಭಾಪಾಲಕರು, "ಸ್ವಲ್ಪ ದಿನ ನೋಡ್ಕೊಳ್ಳಮ್ಮ, ಅಷ್ಟೊತ್ತಿಗೆ ಯಾರಾದ್ರೂ ಸಿಕ್ತಾರೆ" ಎಂದು ಕೂಟವನ್ನು ಇವಳ ತಲೆಗೆ ಕಟ್ಟಿದ್ದರು. ಯಾರೂ ಸಿಗಲಿಲ್ಲ. ಸಭಾಪಾಲಕರು ಹುಡುಕಿದಂತೆಯೂ ಕಾಣಲಿಲ್ಲ. ಹಾಗೇ ವರ್ಷಗಳು ಉರುಳಿದವು.

ಅವಳಿಗೂ ಬಿಡುವ ಮನಸ್ಸಿರಲಿಲ್ಲ. ವಾರವಿಡೀ ಮಾತಾಡದ ದವಡೆಗಳ ಜೊತೆ ಕೂತವಳಿಗೆ ಭಾನುವಾರ ಮಾತು ನಿಲ್ಲಿಸದ ದವಡೆಗಳು ಸಿಗುತ್ತಿದ್ದವು. ದೇವದೂತರಿಗೆ ನಿದ್ದೆ ಬರುತ್ತಾ, ಸ್ವರ್ಗದಲ್ಲಿ ಬೇಜಾರಾದರೆ ಏನು ಮಾಡೋದು ಎಂದು ಹುಡುಗರು ಜೀವ ತಿನ್ನುತ್ತಿದ್ದರು. "ಗೊತ್ತಿಲ್ಲ ಕಣ್ರೋ, ನೀವೇ ಹೇಳಿ" ಎನ್ನುತ್ತಿದ್ದಳು. ಅವರು ನಿಜಕ್ಕೂ ಹೇಳುತ್ತಿದ್ದರು, ಜಗಳವಾಡಿಕೊಂಡು ಹೇಳುತ್ತಿದ್ದರು. ಕೂಟ ಮುಗಿದ ಮೇಲೂ ಯಾರಾದರೊಬ್ಬರು ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದು, ಮನೆಯಲ್ಲಿ ಆಡಲಾಗದ ಮಾತನ್ನು ಅವಳ ಕಿವಿಗೆ ಹಾಕುತ್ತಿದ್ದರು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖವಿರಲಿಲ್ಲ.

ಒಂದು ಭಾನುವಾರ ಹಾಗೆ ಉಳಿದವಳು, ಆರಾಧನೆಯಲ್ಲಿ ಹಾಡುವ ಕ್ವಾಯರ್ ತಂಡದ ಮೇಷ್ಟ್ರ ಮಗಳು.

"ಅಕ್ಕ, ಅಪ್ಪನಿಗೆ ಗೊತ್ತಾಗಬಾರದು. ನಾನು ಕ್ವಾಯರ್‌ನಲ್ಲಿ ಹಾಡ್ತಾ ಇಲ್ಲ. ಬರೀ ತುಟಿ ಅಲ್ಲಾಡಿಸ್ತೀನಿ."

"ಗಂಟಲು ಕೆಟ್ಟಿದ್ಯಾ?"

"ಗಂಟಲಲ್ಲ. ಆ ಹಾಡಲ್ಲಿರೋದೆಲ್ಲ ನಿಜಾನಾ ಅಂತ ಗೊತ್ತಾಗ್ತಿಲ್ಲ. ನಂಬಿಕೆ ಇಲ್ದೆ ಹಾಡಿದ್ರೆ ಸುಳ್ಳು ಹೇಳಿದ ಹಾಗಲ್ವಾ?"

ಹಲ್ಲಕ್ಕ ಬೋಧನೆಗೆ ಇಳಿಯಲಿಲ್ಲ. ಗಾಬರಿಯನ್ನೂ ತೋರಿಸಲಿಲ್ಲ. "ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಮಗಳೇ" ಎಂದಳು. ಮಾತು ಒಳ್ಳೆಯದೇ, ಆದರೆ ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಮುಂದಿನ ವಾರ ಆರಾಧನೆಯಲ್ಲಿ ಯುವಜನರಿಗಾಗಿ ಪ್ರಾರ್ಥಿಸಲು ಅವಳನ್ನು ಮೈಕಿನ ಮುಂದೆ ಕರೆದರು. ಚುಟುಕಾಗಿ ಪ್ರಾರ್ಥಿಸುವ ಅಭ್ಯಾಸ ಅವಳಿಗಿರಲಿಲ್ಲ. ಯಾರಿಗಾದರೂ ಮಂಡಿನೋವಿದ್ದರೆ ಯಾವ ಕಾಲು ಎಂಬುದನ್ನೂ ದೇವರಿಗೆ ತಿಳಿಸುವ ಪೈಕಿ. ಕಣ್ಣು ಮುಚ್ಚಿದಳು, ಮೈಮರೆತಳು. "ಕರ್ತನೇ, ನಿನ್ನನ್ನು ನಂಬಲಾಗದೆ ಬರೀ ತುಟಿ ಅಲ್ಲಾಡಿಸುತ್ತಿರುವ ಆ ಮಗಳನ್ನು ಮುಟ್ಟು. ಅವಳು ತನ್ನ ತಂದೆಯ ಎದುರಿಗೆ ನಿಂತು ಮನಸಾರೆ ಹಾಡುವಂತೆ ಮಾಡು" ಎಂದುಬಿಟ್ಟಳು. ಹೆಸರು ಹೇಳಲಿಲ್ಲ, ಸರಿ. ಆದರೆ ಕ್ವಾಯರ್‌ನಲ್ಲಿ ತಂದೆಯ ಎದುರಿಗೆ ನಿಂತು ಹಾಡುವವಳು ಒಬ್ಬಳೇ.

ಆಮೆನ್ ಎಂದು ಕಣ್ಣು ತೆರೆದಾಗ ಮೇಷ್ಟ್ರು ಮಗಳನ್ನು ನೋಡುತ್ತಿದ್ದರು. ಸಭೆಯೆಲ್ಲ ಮೇಷ್ಟ್ರನ್ನು ನೋಡುತ್ತಿತ್ತು. ಹುಡುಗಿ ಮಾತ್ರ ಹಲ್ಲಕ್ಕನನ್ನು ನೋಡುತ್ತಿದ್ದಳು.

"ದೇವರಿಗೆ ತಾನೇ ಹೇಳಿದ್ದು, ಬಿಡು" ಎಂದ ಗಂಡ, ಊಟದ ಹೊತ್ತಿಗೆ.

"ದೇವರಿಗೆ ಮೈಕ್ ಬೇಕಿತ್ತೇನ್ರೀ?" ಎಂದು ಅವಳು ತಟ್ಟೆ ಸರಿಸಿ ಎದ್ದಳು.

ಮೇಷ್ಟ್ರ ಮನೆಗೆ ಹೋದಳು. "ಬೈಯೋದಿದ್ರೆ ನನ್ನನ್ನ ಬೈರಿ. ಅವಳು ನಂಬಿ ಹೇಳಿದ್ದು, ನಾನು ಬೀದಿಗೆ ತಂದೆ" ಎಂದಳು. ಮೇಷ್ಟ್ರು ಧಾರಾಳವಾಗಿಯೇ ಬೈದರು. ಅರ್ಧ ಮುಚ್ಚಿದ ಬಾಗಿಲ ಹಿಂದೆ ಹುಡುಗಿ ಇದ್ದಳು, ಹೊರಗೆ ಬರಲಿಲ್ಲ.

ಕೂಟದಲ್ಲೂ ತಪ್ಪೊಪ್ಪಿಕೊಂಡಳು. ಆಮೇಲೆ ಎಲ್ಲರಿಗಿಂತ ಮೆತ್ತಗಿನ ಹುಡುಗ ಕೇಳಿದ: "ಹಾಗಾದ್ರೆ ನಾನು ಹೇಳಿದ್ದನ್ನ ಯಾರಿಗೆಲ್ಲ ಹೇಳಿದ್ದೀರಿ ಅಕ್ಕ?"

"ಯಾರಿಗೂ ಇಲ್ಲ ಕಣೋ" ಎಂದಳು. ನಿಜವನ್ನೇ ಹೇಳಿದಳು, ಆದರೆ ಅವನು ನಂಬಿದಂತೆ ಕಾಣಲಿಲ್ಲ.

ಆಮೇಲೂ ಹುಡುಗರು ಬಂದರು, ಬಿಸ್ಕತ್ತು ತಿಂದರು, ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀವಿ ಎಂದರು. ಯಾರೂ ಜಗಳವಾಡಲಿಲ್ಲ. ಕೂಟ ಮುಗಿದರೆ ಕುರ್ಚಿಗಳನ್ನು ಅವಳೊಬ್ಬಳೇ ಜೋಡಿಸಬೇಕಾಯಿತು. ಮಕ್ಕಳು ಹದ್ದುಬಸ್ತಿಗೆ ಬಂದಿದ್ದಾರೆ ಎಂದು ಸಭಾಪಾಲಕರು ಹೊಗಳಿದ ದಿನ ಅವಳಿಗೆ ಅಳು ತಡೆಯಲಾಗಲಿಲ್ಲ. ಒಂದು ಮಾತೂ ತನ್ನವರೆಗೆ ಬಾರದಿದ್ದರೆ ತಾನು ಅಲ್ಲಿ ಬಿಸ್ಕತ್ತು ಹಂಚಲು ಮಾತ್ರ ಇದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ವಾರ ಹೋದಳು. ಮೈಕಿಗೆ ಕರೆದರೆ ಮಾತ್ರ ಕೈಮುಗಿದು ಬೇಡ ಎನ್ನುತ್ತಿದ್ದಳು.

ಶಾಲೆಗೆ ರಜೆ ಬಂತು. ಒಂದು ಮಧ್ಯಾಹ್ನ ಹಲ್ಲಕ್ಕ ಯಾರದೋ ಕೆಳದವಡೆಯ ಕಟ್ಟುಹಲ್ಲಿಗೆ ಯಂತ್ರದಲ್ಲಿ ಹೊಳಪು ಕೊಡುತ್ತಿದ್ದಾಗ ಬಾಗಿಲಲ್ಲಿ ಮೇಷ್ಟ್ರ ಮಗಳು ಬಂದು ನಿಂತಳು. ಅವಳ ಬೆನ್ನಿಗೆ ಅಂಟಿಕೊಂಡು ಕೂಟಕ್ಕೆ ಹೊಸದಾಗಿ ಸೇರಿದ್ದ ಚಿಕ್ಕ ಹುಡುಗಿ.

"ನನಗಿನ್ನೂ ಸಿಟ್ಟು ಹೋಗಿಲ್ಲ" ಎಂದಳು ದೊಡ್ಡವಳು, ಒಳಗೆ ಬರುವ ಮೊದಲೇ.

"ಹೋಗೋದು ಬೇಡ, ಇರಲಿ ಬಿಡು."

"ನಾನು ಕ್ವಾಯರನ್ನೂ ಬಿಟ್ಟಿದ್ದೀನಿ. ಅಪ್ಪ ಈಗ ಏನೂ ಅನ್ನಲ್ಲ." ಚಿಕ್ಕವಳನ್ನು ಮುಂದಕ್ಕೆ ತಳ್ಳಿದಳು. "ಇವಳಿಗೆ ಒಂದು ಕಷ್ಟ ಇದೆ. ಯಾರ ಹತ್ರಾನಾದ್ರೂ ಹೇಳ್ಕೊಳ್ಳಲೇಬೇಕು. ನಿಮ್ಮ ಹತ್ರ ಬರೋಕೆ ಹೆದರ್ತಾ ಇದ್ಳು. ಅಕ್ಕ ಇನ್ಮೇಲೆ ಬಾಯಿ ಬಿಡಲ್ಲ, ಅದಕ್ಕೆ ನಾನು ಜಾಮೀನು ಅಂತ ಹೇಳಿ ಕರ್ಕೊಂಡು ಬಂದೆ."

ಜನ ಹೊಗಳಿದಾಗಲೂ ಆಗದಷ್ಟು ಸಂತೋಷ ಹಲ್ಲಕ್ಕನಿಗೆ ಆಗಿತ್ತು, ಅಷ್ಟೇ ಹೆದರಿಕೆಯೂ ಆಗಿತ್ತು. ಯಂತ್ರ ನಿಲ್ಲಿಸಿ ಸ್ಟೂಲಿನ ಮೇಲಿನ ಪುಡಿ ಒರೆಸಿದಳು.

"ನೀನೂ ಕೂತ್ಕೋ" ಎಂದಳು ದೊಡ್ಡವಳಿಗೆ.

"ಬೇಡ. ಅದು ಅವಳ ವಿಷಯ. ನಾನು ಹೊರಗಿರ್ತೀನಿ, ಯಾರೂ ಒಳಗೆ ಬರದ ಹಾಗೆ."

ಬಾಗಿಲು ಮುಚ್ಚಿತು. ಚಿಕ್ಕವಳು ಬಹಳ ಹೊತ್ತು ಮಾತಾಡಿದಳು. ಏನು ಮಾತಾಡಿದಳೆಂಬುದು ಈ ಕತೆ ಹೇಳುವವರಿಗೂ ಗೊತ್ತಿಲ್ಲ. ಆಮೇಲೊಮ್ಮೆ ಕೇಳಿದ್ದಕ್ಕೆ ಹಲ್ಲಕ್ಕ, ಚಹಾ ಕುಡೀತೀರಾ ಎಂದಳು.